ನೀರಿನ ತೂಕ

"ಈ ಭತ್ತ ಹಸಿ ಐತಿ. ಚೀಲಕ್ಕ ಎರಡು ಕೆಜಿ ಕಳೀತೀನಿ."

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ತೂಕದ ಕೆಲಸಕ್ಕಿದ್ದ ಹುಡುಗ ತಲೆ ಕೂಡ ಎತ್ತದೆ ಹೇಳಿದ್ದ. ಸಿರಿಗೇರಿಯಿಂದ ಅಪ್ಪನ ಜೊತೆ ಬಂಡಿಯಲ್ಲಿ ಬಂದಿದ್ದ ಎರ್ರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ದಿನ ಬಿಸಿಲಲ್ಲಿ ನಿಂತು ಒಣಗಿಸಿದವಳು ಅವಳು!

"ನಿನ್ನ ಕಣ್ಣಿಗೆ ಇದು ಹಸಿ ಕಾಣತೈತೇನು?"

ಆಗ ಅವನು ತಲೆ ಎತ್ತಿದ. ನಾಲ್ಕು ಕಾಳು ಅವಳ ಅಂಗೈಗೆ ಹಾಕಿ, ಕಚ್ಚಿ ನೋಡೆಂದ. ಕಾಳು ಟಕ್ಕೆಂದು ಒಡೆಯಲಿಲ್ಲ, ಹಲ್ಲಿಗೆ ಮೆತ್ತಗೆ ಸಿಕ್ಕಿತು. ಸೋತ ಸಿಟ್ಟಿಗೆ ಮುಖ ತಿರುಗಿಸಿದಳು... ಆದರೆ ಊರು ಮುಟ್ಟುವವರೆಗೂ ಆ ಹುಡುಗನದೇ ಯೋಚನೆ.

ಮರುವರ್ಷ ಆ ಹುಡುಗ ಗವಿಸಿದ್ದಪ್ಪನಿಗೇ ಅವಳನ್ನು ಕೊಟ್ಟು ಮದುವೆ ಮಾಡಿದರು.

ಇದೆಲ್ಲ ಆಗಿ ನಲವತ್ತಾರು ವರ್ಷ. ಈಗ ಗಿರಣಿಯ ತಕ್ಕಡಿ ಇಲ್ಲ, ಮನೆಯ ಮೂಲೆಯಲ್ಲಿ ಒಂದು ಪುಟ್ಟ ತೂಕದ ಯಂತ್ರ ಇದೆ.

ಮೂರು ತಿಂಗಳ ಹಿಂದೆ ಬಳ್ಳಾರಿಯ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಯಜಮಾನರ ಹೃದಯ ದಣಿದಿದೆ, ರಕ್ತವನ್ನು ಸರಿಯಾಗಿ ತಳ್ಳುತ್ತಿಲ್ಲ, ಅದಕ್ಕೇ ಮೈಯಲ್ಲಿ ನೀರು ನಿಲ್ಲುತ್ತಿದೆ. ಉಪ್ಪು ಕಡಿಮೆ ಮಾಡಬೇಕು, ನೀರು ಅಳೆದು ಕುಡಿಯಬೇಕು, ಮಾತ್ರೆ ತಪ್ಪಿಸಬಾರದು. ದಿನಾ ಬೆಳಿಗ್ಗೆ ತೂಕ ನೋಡಬೇಕು. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಕಾಯದೆ ಬರಬೇಕು.

ಎರ್ರಮ್ಮನಿಗೆ ಕಣ್ಣಲ್ಲಿ ಪೊರೆ, ಯಂತ್ರದ ಅಂಕಿ ಕಾಣುವುದಿಲ್ಲ. ಗವಿಸಿದ್ದಪ್ಪ ಅದರ ಮೇಲೆ ನಿಂತು ಹೇಳುತ್ತಿದ್ದರು, ಇವಳು ಗೋಡೆಯ ಕ್ಯಾಲೆಂಡರಿನಲ್ಲಿ ದಪ್ಪಗೆ ಬರೆಯುತ್ತಿದ್ದಳು. ಅರವತ್ತೆರಡು. ಮತ್ತೆ ಅರವತ್ತೆರಡು.

ಎಲ್ಲ ಸರಿಯಾಗಿಯೇ ಇತ್ತು, ಆ ಮಾವಿನಕಾಯಿ ಉಪ್ಪಿನಕಾಯಿ ಜಗಳದ ತನಕ. ಅವರು ಕದ್ದು ತಿನ್ನುವುದನ್ನು ಕಂಡ ಎರ್ರಮ್ಮ ಜಾಡಿಯನ್ನೇ ಎತ್ತಿ ಪಕ್ಕದ ಮನೆಗೆ ಕೊಟ್ಟುಬಿಟ್ಟಳು. ಎರಡು ದಿನ ಬಿಟ್ಟು ಅವರು ದಿಂಬು ತೆಗೆದುಕೊಂಡು ಹೊರಗಿನ ಕುರ್ಚಿಗೆ ಹೋದರು. ಆಮೇಲೆ ಮಲಗುವುದೂ ಅಲ್ಲೇ.

'ಚೂರು ಉಪ್ಪಿನಕಾಯಿಗಾಗಿ ನನ್ನ ಮಗ್ಗುಲನ್ನೇ ಬಿಟ್ಟರಲ್ಲ...'

ಅವಳಿಗೆ ಕೇಳಬೇಕೆನಿಸಿದರೂ ಕೇಳಲಿಲ್ಲ. ನಾನೇಕೆ ಮೊದಲು ಮಾತಾಡಬೇಕು? ಅವರ ಕಾಲು ದಪ್ಪಗಾದಂತೆ ಕಂಡಿತು, ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ಆದರೆ ಕ್ಯಾಲೆಂಡರಿನಲ್ಲಿ ಅದೇ ಅರವತ್ತೆರಡು. ತೂಕದ ವಿಷಯದಲ್ಲಿ ಅವರು ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ಅಷ್ಟು ನಂಬಿ ಸುಮ್ಮನಿದ್ದಳು.

ಜಗಳವಾದ ಒಂಬತ್ತನೇ ದಿನ ಬೆಳಿಗ್ಗೆ ಪಕ್ಕದ ಮನೆಯ ನಾಗಲಕ್ಷ್ಮಿ ತೊಳೆದ ಜಾಡಿ ಕೊಡಲು ಬಂದಳು. ಕುರುಗೋಡು ಆಸ್ಪತ್ರೆಯಲ್ಲಿ ನರ್ಸು ಅವಳು. ಕುರ್ಚಿಯಲ್ಲಿದ್ದವರ ಕಾಲು ನೋಡಿದವಳೇ ಕೂತು ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಅವರನ್ನು ಎಬ್ಬಿಸಿ ಯಂತ್ರದ ಮೇಲೆ ನಿಲ್ಲಿಸಿ, ತಾನೇ ಬಗ್ಗಿ ನೋಡಿದಳು.

"ಅರವತ್ತಾರು ಐತಿ, ದೊಡ್ಡಮ್ಮ."

ಎರ್ರಮ್ಮ ಗಂಡನ ಮುಖ ನೋಡಿದಳು. ಅಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ.

"ನಾನು ನೀರು ಕಳೆದು ಹೇಳೀನಿ," ಅಂದರು ಅವರು, ಉಸಿರು ಎಳೆದು. "ಮೈಯಾಗ ನೀರು ನಿಂತೈತಿ ಅಂತ ಡಾಕ್ಟರೇ ಹೇಳ್ಯಾರಲ್ಲ. ನೀರಿನ ತೂಕ ಅಸಲಿ ತೂಕ ಹೆಂಗಾಗತೈತಿ?"

ಆ ನೀರು ಎಷ್ಟು ಅಂತ ತಿಳಿಯುವುದಕ್ಕೇ ದಿನಾ ತೂಕ ನೋಡುವುದು ಅಂತ ನಾಗಲಕ್ಷ್ಮಿ ಹೇಳಿದಳು. ಆ ನೀರು ಶ್ವಾಸಕೋಶಕ್ಕೂ ಏರುತ್ತದೆ, ಅಂಗಾತ ಮಲಗಿದರೆ ಉಸಿರೇ ಸಿಗುವುದಿಲ್ಲ, ಕೂತೇ ನಿದ್ದೆ ಮಾಡಬೇಕಾಗುತ್ತದೆ ಅಂದಳು.

ಕೂತೇ ನಿದ್ದೆ...

"ಅದಕ್ಕ ಕುರ್ಚಿಗೆ ಹೋದ್ರೇನ್ರಿ?"

ಅವರು ತಲೆ ತಗ್ಗಿಸಿದರು. "ನಾ ಎದ್ದು ಕುಂತ್ರ ನೀನೂ ಎದ್ದು ಕುಂದರ್ತಿದ್ದಿ. ನಿನ್ನ ನಿದ್ದಿ ಯಾಕ ಕೆಡಸಬೇಕು ಅಂತ..."

ಸಿಟ್ಟು, ನಾಚಿಕೆ, ಪ್ರೀತಿ ಎಲ್ಲ ಒಟ್ಟಿಗೇ ನುಗ್ಗಿ ಬಂದು ಎರ್ರಮ್ಮ ಸೆರಗು ಬಾಯಿಗೊತ್ತಿಕೊಂಡಳು.

ನಾಗಲಕ್ಷ್ಮಿಯೇ ಕಾರು ತರಿಸಿದಳು. ಬಳ್ಳಾರಿ ಬರುವವರೆಗೂ ಎರ್ರಮ್ಮ ಅವರ ಬೆನ್ನಿಗೆ ತನ್ನ ಭುಜ ಕೊಟ್ಟು ನೆಟ್ಟಗೆ ಕೂರಿಸಿಕೊಂಡಿದ್ದಳು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಆರು ದಿನ ಇಂಜೆಕ್ಷನ್ ಕೊಟ್ಟು ನೀರು ಇಳಿಸಿದರು. ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಹುಷಾರಾಗಿ ನೋಡಿಕೊಂಡರೆ ಜೊತೆಯಲ್ಲಿಟ್ಟುಕೊಂಡು ಬದುಕಬಹುದು ಅಂತಲೂ ಹೇಳಿದರು.

ಮನೆಗೆ ಬಂದ ದಿನವೇ ಅವಳು ಕುರ್ಚಿಯನ್ನು ಹಿತ್ತಲಿಗೆ ಹಾಕಿ, ತನ್ನ ಹಾಸಿಗೆಯ ಪಕ್ಕದಲ್ಲಿ ಮೂರು ದಿಂಬು ಪೇರಿಸಿದಳು.

ಮರುದಿನ ಬೆಳಿಗ್ಗೆ ಅವರು ಯಂತ್ರದ ಮೇಲೆ ನಿಂತರು. ಅವಳು ಕ್ಯಾಲೆಂಡರಿನ ಮುಂದೆ ಪೆನ್ನು ಹಿಡಿದಿದ್ದಳು.

"ಅರವತ್ತೆರಡೂವರಿ."

"ನೀರು?"

"ಸೇರಿಸೇ ಹೇಳೀನಿ."

ಬರೆದು ತಿರುಗಿದಾಗ ಅವರು ಇನ್ನೂ ಅಲ್ಲೇ ನಿಂತಿದ್ದರು, ಗೋಡೆ ಹಿಡಿದು. ಅವಳು ಹೋಗಿ ಕೈ ಕೊಟ್ಟು ಇಳಿಸಿಕೊಂಡಳು.

"ಹೆದರಿಕಿ ಆಗತೈತೇನ್ರಿ?"

"ಸ್ವಲ್ಪ."

ಅವಳು ಕೈ ಬಿಡಲಿಲ್ಲ. "ಹೆದರಿಕ್ಯಾಗ ಎಷ್ಟು ಕಳೆದು ಹೇಳಿದ್ರಿ?"

ಗವಿಸಿದ್ದಪ್ಪ ಅವಳ ಭುಜಕ್ಕೆ ಹಣೆ ಆನಿಸಿದರು.

"ಭಾಳ ಐತಿ, ಎರ್ರಮ್ಮ."

"ನನಗೂ ಅಷ್ಟ ಐತ್ರಿ," ಅಂದಳು ಅವಳು.