ಒಂಬತ್ತರ ಮೇಲೆ ಏರದ ಮೈಲೇಜ್

ಮೈಲೇಜ್ ಬರುತ್ತಿಲ್ಲ ಅಂತ ಒಬ್ಬ ಮನುಷ್ಯ ಒಂದು ಸಲ ಬರಬಹುದು. ಸಿಟ್ಟು ಬಂದರೆ ಎರಡು ಸಲ. ಮೂರನೇ ಸಲವೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಗುತ್ತಾ ಬಂದರೆ?

ಹಡಪಸರದ ಕಾರ್ ಸರ್ವಿಸ್ ಸೆಂಟರಿನಲ್ಲಿ ಗಿರಾಕಿಗಳ ದೂರು ಕೇಳುವ ಅಡ್ವೈಸರ್ ಆಗಿದ್ದ ಮಂಜರಿ ಅದಕ್ಕೆ ತನ್ನದೇ ಅರ್ಥ ಕಟ್ಟಿಕೊಂಡಳು. ಕಟ್ಟಿಕೊಳ್ಳದೆ ಏನು ಮಾಡುತ್ತಾಳೆ ಪಾಪ! ದಿನವಿಡೀ ಮರಾಠಿಯಲ್ಲಿ ಬೈಸಿಕೊಳ್ಳುವ ಆ ಕೌಂಟರಿನಲ್ಲಿ ಧಾರವಾಡದ ಕನ್ನಡ ಆಡುವವನು ಈ ಗಿರಾಕಿ ಸಾತ್ವಿಕ ಒಬ್ಬನೇ.

“ಹೊಸಾ ಎಸ್‌ಯುವಿ ರೀ ಇದು. ಲೀಟರಿಗೆ ಒಂಬತ್ತರ ಮ್ಯಾಲ ಏರವಲ್ದು. ನನ್ನ ಹಳೇ ಗಾಡಿನ ಇದಕ್ಕಿಂತ ಚೊಲೋ ಇತ್ತು.”

“ಹಂಗಾದ್ರ ಮೈಲೇಜ್ ಟೆಸ್ಟ್ ಮಾಡೂಣ್ರಿ. ಟ್ಯಾಂಕ್ ಫುಲ್ ಮಾಡಿ, ಭೋರ್ ಊರಿನ ತನಕ ಹೋಗಿ ಬಂದು, ಮತ್ತ ಫುಲ್ ಮಾಡೋದು. ಎಷ್ಟು ಕುಡೀತದ ಗೊತ್ತಾಗ್ತದ.”

“ನೀವೂ ಬರ್ತೀರಿ?”

“ಬರಲೇಬೇಕ್ರಿ. ರೂಲ್ ಅದ.”

ಯಾವ ಮೆಕ್ಯಾನಿಕ್ ಹೋದರೂ ನಡೆಯುತ್ತಿತ್ತು. ಅದನ್ನು ಅವಳು ಹೇಳಲಿಲ್ಲ.

ಊರು ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಅವನ ತೋಳು ಗೇರಿನತ್ತ ಬಂದಾಗಲೆಲ್ಲ ಅವಳ ದುಪಟ್ಟಾಕ್ಕೆ ತಾಕುತ್ತಿತ್ತು. ಅವಳು ದುಪಟ್ಟಾ ಸರಿಸಿಕೊಳ್ಳಲಿಲ್ಲ.

“ಆಕ್ಸಿಲರೇಟರ್ ಮ್ಯಾಲ ಅಷ್ಟ್ಯಾಕ ಸಿಟ್ಟ್ರಿ? ಸಾವಕಾಶ ಒತ್ರಿ.”

“ನೀವು ಹೇಳಿದ ಮ್ಯಾಲ ಮುಗೀತು ಬಿಡ್ರಿ,” ಅಂದು ಅವನು ಓರೆಗಣ್ಣಲ್ಲಿ ನೋಡಿ ನಕ್ಕ. ಮಂಜರಿಯ ಕಿವಿ ಬಿಸಿಯಾಯಿತು. ಇಷ್ಟು ಸುಖ ಅವಳಿಗೆ ಈ ಊರಲ್ಲಿ ಯಾವತ್ತೂ ಸಿಕ್ಕಿರಲಿಲ್ಲ.

ವಾಪಸ್ ಬಂದು ಬಂಕಿನಲ್ಲಿ ಲೆಕ್ಕ ಹಾಕಿದರೆ ಹದಿನಾರು ಬಂತು. ಗಾಡಿಯಲ್ಲಿ ದೋಷವೇ ಇಲ್ಲ! ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಮಂಜರಿ ಬಾಯಿಬಿಟ್ಟಳು.

“ಇನ್ನ ನಾಟಕ ಸಾಕ್ರಿ. ನೀವು ಬರೋದು ಗಾಡಿ ಸಲುವಾಗಿ ಅಲ್ಲ, ನನ್ನ ಸಲುವಾಗಿ. ನಂಗೂ ನೀವಂದ್ರ ಭಾಳ ಇಷ್ಟ.”

ಸಾತ್ವಿಕ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ನಕ್ಕುಬಿಟ್ಟ. ಕೆಟ್ಟ ನಗು ಅಲ್ಲ ಅದು. ಕೆಟ್ಟದಾಗಿದ್ದರೆ ಅವನನ್ನು ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

“ಅಯ್ಯ, ಇಲ್ರಿ! ನಾ ಖರೇನ ಮೈಲೇಜ್ ಸಲುವಾಗಿ ಬರ್ತಿದ್ದೆ. ಬ್ಯಾರೆಯವರು ಕೇಳಸ್ಕೊಳ್ಳೂದಿಲ್ಲ, ನೀವು ಕೇಳಸ್ಕೋತಿದ್ರಿ, ಅಷ್ಟ... ಹಂಗಾದ್ರ ನಂಗ್ಯಾಕ ಒಂಬತ್ತು ಬರ್ತದ?”

ಅವಳಿಗೆ ಇಳಿದು ಓಡಿಹೋಗಬೇಕು ಅನಿಸಿತು. ಆದರೆ ಕೇಳಿದವನು ಗಿರಾಕಿ.

“ದಿನಾ ಎಲ್ಲೆರೆ ಇಂಜಿನ್ ಚಾಲೂ ಇಟ್ಟು ನಿಂದರ್ತೀರಿ?”

“ಹಿಂಜವಾಡ್ಯಾಗ. ಸಾಯಲಿ ಅಂತ ಮರಾಠಿ ಹುಡುಗಿ, ಆಕಿ ಆಫೀಸ್ ಮುಂದ. ಆಕಿ ಮೀಟಿಂಗ್ ಮುಗಿಯೂತನಕ ಎಸಿ ಹಾಕ್ಕೊಂಡು ಕೂತಿರ್ತೀನಿ. ಬಂದ ಕೂಡ್ಲೆ ಆಕಿಗೆ ತಂಪ್ ಇರಬೇಕು. ದೀಪಾವಳಿ ಆದ ಮ್ಯಾಲ ನಮ್ಮ ಲಗ್ನ.”

“ಅಲ್ಲೇ ಹೋಗಾಕತ್ತದ್ರಿ ಪೆಟ್ರೋಲ್,” ಅಂದಳು ಮಂಜರಿ. “ಗಾಡಿ ಒಂದ್ ಹೆಜ್ಜಿ ಸರಿಯೂದಿಲ್ಲ, ಇಂಜಿನ್ ಮಾತ್ರ ಕುಡೀತಿರ್ತದ. ಆಫ್ ಮಾಡಿ ಕಾಯ್ರಿ.”

ಅವನ ಮುಖ ಅರಳಿತು. ಅಲ್ಲೇ ಫೋನ್ ಹಚ್ಚಿ, ಕಾರಿನ ಸ್ಪೀಕರಿನಲ್ಲೇ ಸಾಯಲಿಗೆ ಸಿಹಿಸುದ್ದಿ ಹೇಳಿದ. ಆ ಕಡೆಯಿಂದ ಒಂದು ಮೆತ್ತನೆಯ ದನಿ, ಪಕ್ಕದಲ್ಲಿ ಯಾರಿದ್ದಾರೆ ಅಂತ ಮರಾಠಿಯಲ್ಲಿ ಕೇಳಿತು.

ಯಾರೂ ಇಲ್ಲ, ಸರ್ವಿಸ್ ಸೆಂಟರಿನವಳು ಅಂತ ಅವನೂ ಮರಾಠಿಯಲ್ಲೇ ಹೇಳಿದ.

ಮಂಜರಿ ಬಾಗಿಲು ತೆಗೆದು ಇಳಿದಳು. ಕಣ್ಣೀರು ಬರದಂತೆ ತುಟಿ ಕಚ್ಚಿ ಹಿಡಿದಿದ್ದಳು. ಅವನು ಗಾಜು ಇಳಿಸಿ ಕತ್ತು ಹೊರಗೆ ಹಾಕಿದ.

“ಬ್ಯಾಸರ ಮಾಡ್ಕೋಬ್ಯಾಡ್ರಿ ಮತ್ತ. ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬಂದ್ರ ನಿಮಗ ಹತ್ತಕ್ಕ ಹತ್ತು ಕೊಡ್ತೀನಿ.”

“ಥ್ಯಾಂಕ್ಯೂ ಸರ್,” ಅಂದಳು ಮಂಜರಿ.