ಕಣ್ಣಿಲ್ಲದ ಬೊಂಬೆಗಳ ಅಂಗಡಿ

"ಇದಕ್ಕೆ ನೀಲಿ ಗುಂಡಿ ಹಾಕಿಕೊಡಿ" ಎಂದು ಇನ್‌ಸ್ಪೆಕ್ಟರ್ ಬೊಂಬೆಯನ್ನು ಮುಂದೆ ಚಾಚಿದಳು. ಬೊಂಬೆಯಮ್ಮ ಮಾತಾಡಲಿಲ್ಲ.

ಭಾನುವಾರ, ಬೆಳಗಿನ ಹತ್ತು ಗಂಟೆ. ರಜೆಯಿದ್ದುದರಿಂದ ಇನ್‌ಸ್ಪೆಕ್ಟರ್ ಸಾದಾ ಉಡುಪಿನಲ್ಲಿದ್ದಳು. ಪಾಳುಬಿದ್ದ ಬಸ್ ಡಿಪೋದಲ್ಲಿ ವಾರಕ್ಕೊಮ್ಮೆ ಸೇರುವ ಹಳೇ ಸಾಮಾನಿನ ಸಂತೆಗೆ ಬಂದಿದ್ದಳು. ಬೊಂಬೆಯಮ್ಮ ಕೈಯಾರೆ ಹೊಲಿದ ಬಟ್ಟೆ ಬೊಂಬೆಗಳಿಗೆ ಕಣ್ಣು ಇರುವುದಿಲ್ಲ. ಕೊಳ್ಳುವವರು ಎರಡು ಹಳೇ ಗುಂಡಿ ಆರಿಸಿದ ಮೇಲೆ ಅವರ ಎದುರಿಗೇ ಕಣ್ಣು ಹೊಲಿದುಕೊಡುವುದು ಆಕೆಯ ಪದ್ಧತಿ. ಮೇಜಿನ ಮೇಲೆ ಮೂವತ್ತು ಬೋಳು ಮುಖಗಳು ಸಾಲಾಗಿ ಕೂತಿದ್ದವು. ಅವುಗಳ ಹಿಂದೆ, ಕುರ್ಚಿಯಲ್ಲಿ, ಶಾಲು ಹೊದ್ದು ಕಪ್ಪು ಕನ್ನಡಕ ಹಾಕಿದ ಬೊಂಬೆಯಮ್ಮ. ಮಡಿಲಲ್ಲಿ ಒಂದು ಬೊಂಬೆ. ಬೆರಳ ಸಂದಿಯಲ್ಲಿ ದಾರ ಪೋಣಿಸಿದ ಸೂಜಿ.

"ಅಮ್ಮಾ."

ಭುಜ ಮುಟ್ಟಿದಳು. ಮರದ ಹಾಗಿತ್ತು. ಕನ್ನಡಕ ತೆಗೆದು ನೋಡಿದಳು. ಮತ್ತೆ ಮೆಲ್ಲಗೆ ಹಾಕಿದಳು.

* * *

"ನಿನ್ನೆ ಸಂಜೆಯೇ ಸತ್ತಿದ್ದಾರೆ" ಎಂದರು ಡಾಕ್ಟರ್. "ಯಾರೋ ಉಸಿರುಗಟ್ಟಿಸಿದ್ದಾರೆ. ಕೂತ ಭಂಗಿಯಲ್ಲೇ ಮೈ ಸೆಟೆದಿದೆ."

ಚಹಾದವನು ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ಎಂಟು ಗಂಟೆಗೆ ನಮಸ್ಕಾರ ಅಂದೆ ಮೇಡಂ. ತಲೆ ಆಡಿಸಿದ್ರು. ದೇವರಾಣೆ."

ಎದುರಂಗಡಿಯ ಕನ್ನಡಿ ಮಾರುವವಳು, "ಒಂಬತ್ತಕ್ಕೆ ಕೆಮ್ಮಿದ್ದು ಕೇಳಿಸ್ತು" ಎಂದಳು. ಆಮೇಲೆ ಹೆಣದ ಬಿಂಬ ಕಾಣದ ಹಾಗೆ ತನ್ನ ಕನ್ನಡಿಗಳನ್ನೆಲ್ಲ ಒಂದೊಂದಾಗಿ ಗೋಡೆಯ ಕಡೆ ತಿರುಗಿಸಿಟ್ಟಳು.

ಪಕ್ಕದಂಗಡಿ ಗಡಿಯಾರದವನದು. ಅವನ ಬೆನ್ನ ಹಿಂದೆ ನಲವತ್ತು ಗಡಿಯಾರ, ನಲವತ್ತು ಹೊತ್ತು ತೋರಿಸುತ್ತ ಟಿಕ್‌ಗುಟ್ಟುತ್ತಿದ್ದವು.

"ನಾನು ಬಂದಾಗ್ಲೇ ಕೂತಿದ್ರು. ಸೂಜಿಗೆ ದಾರ ಪೋಣಿಸ್ತಿದ್ರು. ದಾರದ ತುದಿ ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ. ಡಾಕ್ಟರು ಏನೋ ತಪ್ಪು ಲೆಕ್ಕ ಹಾಕಿದಾರೆ."

ಕಾನ್‌ಸ್ಟೇಬಲ್ ಇನ್‌ಸ್ಪೆಕ್ಟರ್ ಕಿವಿಯ ಬಳಿ ಬಗ್ಗಿದ. "ಮನೇಲಿ ಒಬ್ಬಳು ತಂಗಿ ಇದಾಳೆ ಮೇಡಂ. ರಾತ್ರಿಯೆಲ್ಲ ಅಕ್ಕ ಬರದೇ ಇದ್ರೂ ತುಟಿ ಬಿಚ್ಚಿಲ್ಲ. ಅವಳ ಮೇಲೇ ನಂಗೆ ಅನುಮಾನ."

* * *

ತಂಗಿ ನಿದ್ದೆಗಣ್ಣಲ್ಲೇ ಬಾಗಿಲು ತೆಗೆದಳು. ಇನ್‌ಸ್ಪೆಕ್ಟರ್ ವಿಷಯ ತಿಳಿಸಿ ಒಳಗೆ ಬಂದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ರಾತ್ರಿ ಪಾಳಿ. ಕಾನ್‌ಸ್ಟೇಬಲ್ ಫೋನ್ ಮಾಡಿ ವಿಚಾರಿಸಿದ. ಸಂಜೆ ಐದರಿಂದ ಬೆಳಗಿನ ಆರರವರೆಗೆ ಅವಳು ಅಲ್ಲಿಂದ ಕದಲಿರಲಿಲ್ಲ.

"ಏಳಕ್ಕೆ ಮನೆಗೆ ಬಂದೆ. ಅಕ್ಕ ಸಂತೆಗೆ ಹೋಗಿದಾಳೆ ಅಂದ್ಕೊಂಡು ಮಲಗಿಬಿಟ್ಟೆ."

ಅವಳ ದೃಷ್ಟಿ ಮೇಜಿನ ಮೇಲೆ ನಿಂತಿತು. ಅಲ್ಲೊಂದು ಪುಟ್ಟ ದಿಂಬು. ಅದರಲ್ಲಿ ದಾರ ಪೋಣಿಸಿದ ಹನ್ನೆರಡು ಸೂಜಿ.

"ಇದನ್ನ ಬಿಟ್ಟು ಅಕ್ಕ ಹೋಗಲ್ಲ" ಎಂದಳು ನಿಧಾನವಾಗಿ. "ಕಣ್ಣಿಗೆ ಪೊರೆ ಬಂದಿತ್ತು. ಎರಡು ತಿಂಗಳಿಂದ ದಾರ ಪೋಣಿಸೋಕೇ ಆಗ್ತಿರಲಿಲ್ಲ. ಗಿರಾಕಿಗಳಿಗೆ ಗೊತ್ತಾಗಬಾರದು ಅಂತ ಕಪ್ಪು ಕನ್ನಡಕ ಹಾಕ್ತಿದ್ಲು. ಪ್ರತಿ ಶನಿವಾರ ನಾನೇ ಪೋಣಿಸಿಟ್ಟು ಕೆಲಸಕ್ಕೆ ಹೋಗ್ತಿದ್ದೆ."

ದಿಂಬಿನ ಪಕ್ಕ ತಟ್ಟೆಯಲ್ಲಿ ಎರಡು ಹಸಿರು ಗುಂಡಿಗಳಿದ್ದವು. ಬಟ್ಟೆ ಸುತ್ತಿ ಕೈಯಲ್ಲಿ ಮಾಡಿದವು.

"ಇವು?"

"ಹೋದ ವಾರ ಗಡಿಯಾರದವನ ಹತ್ರ ಒಂದು ಡಬ್ಬಿ ಹಳೇ ಗುಂಡಿ ತಗೊಂಡಿದ್ಲು. ಅದರಲ್ಲಿತ್ತೋ ಏನೋ." ತಂಗಿ ಒಂದನ್ನು ಎತ್ತಿ ತಿರುವಿ ನೋಡಿದಳು. "ಇದು ಅಕ್ಕನೇ ಮಾಡಿದ್ದು. ಅವನ ಹೆಂಡತಿ ಕೋಟಿಗೆ."

"ಯಾವ ಕೋಟು?"

"ನಾಲ್ಕು ವರ್ಷದ ಹಿಂದೆ ಅವಳು ಮನೆ ಬಿಟ್ಟು ಹೋದ್ಲಲ್ಲ. ಹಸಿರು ಕೋಟು ಹಾಕ್ಕೊಂಡು ಹೋದ್ಲು ಅಂತ ಅವನೇ ಊರಿಗೆಲ್ಲ ಹೇಳಿದ್ದು."

ಕಪಾಟಿನ ಮೇಲಿಂದ ಬೋಳು ಮುಖಗಳು ಕೆಳಗೆ ನೋಡುತ್ತಿದ್ದ ಹಾಗಿತ್ತು.

* * *

ಮಧ್ಯಾಹ್ನ ಗಡಿಯಾರದವನ ರಿಪೇರಿ ಶೆಡ್ಡಿನಲ್ಲಿ ನೆಲ ಅಗೆದರು. ಆಳೆತ್ತರದ ಗಡಿಯಾರವೊಂದನ್ನು ಸರಿಸಿದಾಗ ಅದರಡಿಯ ಸಿಮೆಂಟು ಬೇರೆ ಬಣ್ಣದ್ದಿತ್ತು. ಮೊದಲು ಹಸಿರು ಬಟ್ಟೆಯ ಚೂರು ಕಂಡಿತು. ಆಮೇಲೆ ಕೂದಲು.

ಗಡಿಯಾರದವನು ಮೂಲೆಯ ಸ್ಟೂಲಿನ ಮೇಲೆ ಕೂತ.

ಇನ್‌ಸ್ಪೆಕ್ಟರ್ ಅವನೆದುರು ನಿಂತಳು. "ಹೆಂಡತಿ ಜೊತೆ ಕೋಟನ್ನೂ ಹೂತೆ. ಗುಂಡಿ ಮಾತ್ರ ಕತ್ತರಿಸಿ ಇಟ್ಕೊಂಡೆ. ಹಳೇ ಸಾಮಾನಿನವನು, ಏನನ್ನೂ ಎಸೆಯೋಕೆ ಮನಸ್ಸು ಬರಲ್ಲ. ನಾಲ್ಕು ವರ್ಷ ಆದ್ಮೇಲೆ ಎಲ್ಲಾ ಗುಂಡಿ ಜೊತೆ ಅದೂ ಸೇರಿ ಮಾರಾಟ ಆಯ್ತು. ಬೊಂಬೆಯಮ್ಮನಿಗೆ ಕಣ್ಣು ಕಾಣದೇ ಇದ್ರೂ ಬೆರಳಿಗೆ ತನ್ನ ಕೈಕೆಲಸ ಗೊತ್ತಾಯ್ತು. ನಿನ್ನೆ ಸಂಜೆ ಇಲ್ಲಿಗೆ ಬಂದು ಕೇಳಿದ್ರು. ಅಲ್ವಾ?"

"ಅವಳೆಲ್ಲಿ ಅಂತ ಕೇಳಿದ್ರು. ಅಷ್ಟೇ." ಅವನು ನೆಲ ನೋಡುತ್ತಿದ್ದ. "ಆ ಕುರ್ಚಿಯಲ್ಲೇ ಕೂತಿದ್ರು."

"ಬೆಳಗಾಗೋ ಹೊತ್ತಿಗೆ ನೀನು ಕುರ್ಚಿ ಸಮೇತ ವ್ಯಾನಿನಲ್ಲಿ ಸಾಗಿಸಿದೆ. ಸಂತೇಲಿದ್ದ ಅವರ ಪೆಟ್ಟಿಗೆಯನ್ನ ಅವರದ್ದೇ ಬೀಗದ ಕೈಯಿಂದ ತೆಗೆದು ಬೊಂಬೆ ಜೋಡಿಸಿದೆ. ಮುದುಕಿ ಕೂತಲ್ಲೇ ಹೋದ್ಲು ಅಂತ ಜನ ಅಂದ್ಕೊಳ್ಳಲಿ ಅಂತ."

"ಚಹಾದವನೂ ಸುಳ್ಳು ಹೇಳಿದಾನೆ. ಆ ಕನ್ನಡಿಯವಳೂ. ಅವರನ್ನ ಬಿಟ್ಟು ನನ್ನೇ ಯಾಕೆ ಹಿಡಿದ್ರಿ?"

"ಅವರಿಬ್ಬರಿಗೆ ಕಂಡಿದ್ದು, ಕೇಳಿಸಿದ್ದು ಪ್ರತಿ ವಾರದ ರೂಢಿ, ಸುಳ್ಳಲ್ಲ. ನೀನು ಹೇಳಿದ್ದು ಬೊಂಬೆಯಮ್ಮನ ಕೈಲಾಗದ ಕೆಲಸ. ಆ ಸೂಜಿಗೆ ದಾರ ಪೋಣಿಸಿದವನು ನೀನೇ."

ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಹನ್ನೆರಡು ವರ್ಷ ಪಕ್ಕದಲ್ಲೇ ಕೂತಿದೀನಿ ಮೇಡಂ. ಎಲ್ಲರೂ ಬೊಂಬೆ ಮುಖ ನೋಡ್ತಾರೆ. ಅವರ ಮುಖವನ್ನ ಯಾರೂ ನೋಡಲ್ಲ. ಆ ಧೈರ್ಯದ ಮೇಲೇ ಕೂರಿಸಿದ್ದು."

"ನೀನೂ ನೋಡ್ಲಿಲ್ಲ" ಎಂದಳು ಇನ್‌ಸ್ಪೆಕ್ಟರ್. "ನೋಡಿದ್ರೆ ಅವರಿಗೆ ಕಣ್ಣು ಕಾಣಲ್ಲ ಅಂತ ಗೊತ್ತಾಗ್ತಿತ್ತು."