ಎರಡು ಸೀಟಿನ ಕಾರಿಗೆ ಕಟ್ಟಿದ ನೂಲು

ತೀರ್ಥರಾಮನ ಕೆಂಪು ಕಾರು ಪುತ್ತೂರಿನ ಬಸ್ಸು ಶೆಡ್ಡಿನ ಮುಂದೆ ನಿಂತಿತ್ತು. ನಿಂತಿತ್ತು ಅಷ್ಟೇ, ಸುಮ್ಮನಿರಲಿಲ್ಲ. ಗೇರಿನಲ್ಲಿಲ್ಲ, ಆಕ್ಸಿಲರೇಟರಿನ ಮೇಲೆ ಕಾಲಿಲ್ಲ, ಆದರೂ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಅರಚುತ್ತಿತ್ತು. ಎದುರಿನ ಹೋಟೆಲಿನಲ್ಲಿದ್ದವರು ಚಹಾದ ಲೋಟ ಹಿಡಿದುಕೊಂಡೇ ಹೊರಗೆ ಬಂದರು.

ಸೇವಂತಿ ಆಫೀಸಿನ ಕಿಟಕಿಯಿಂದ ನೋಡಿದಳು. ನೋಡಬಾರದು ಎಂದುಕೊಂಡೇ ನೋಡಿದಳು. ತೀರ್ಥರಾಮನ ಗುಂಗುರು ಕೂದಲಿನ ತುಂಬಾ ಘಾಟಿಯ ಧೂಳು, ನಾಚಿಕೆಯಿಂದ ಕೆಂಪಾದ ಕಿವಿ. ಅವನು ತಲೆ ಎತ್ತಿದ ಕೂಡಲೇ ಇವಳು ಡೀಸೆಲ್ ಬಿಲ್ಲಿನ ಮೇಲೆ ಬಗ್ಗಿದಳು. ಬಿಲ್ಲು ತಲೆಕೆಳಗಾಗಿತ್ತು.

ಅದು ಅರವತ್ತೊಂದನೆಯ ಇಸವಿ. ಸೇವಂತಿಯ ಅಪ್ಪ ದುಗ್ಗಪ್ಪ ಗೌಡರ ಬಸ್ಸುಗಳು ಪುತ್ತೂರಿನಿಂದ ಕಾಣಿಯೂರಿನ ಮಾರ್ಗವಾಗಿ ಸುಬ್ರಹ್ಮಣ್ಯಕ್ಕೆ ಓಡುತ್ತಿದ್ದವು. ಬಸ್ಸು ಅಪ್ಪನದಾದರೂ ರಿಪೇರಿಯ ಮಾತು ಮಗಳದು. ಯಾವ ವರ್ಕ್‌ಶಾಪಿನವರು ರೇಟು ಹೇಳಿದರೂ ಅವಳ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ. ಅವಳಿಗೆ ಅದರ ಜಂಬವೂ ಸ್ವಲ್ಪ ಇತ್ತು.

ತೀರ್ಥರಾಮ ಸುಳ್ಯ ಕಡೆಯವನು, ಘಾಟಿಯ ಮೇಲಿನ ಕಾಫಿ ಎಸ್ಟೇಟಿನಲ್ಲಿ ಸೂಪರ್‌ವೈಸರ್. ಎಸ್ಟೇಟಿನ ಬಿಳಿ ದೊರೆ ತನ್ನ ದೇಶಕ್ಕೆ ಹೊರಡುವಾಗ ಈ ಸ್ಪೋರ್ಟ್ಸ್ ಕಾರನ್ನು ಇವನಿಗೆ ಮಾರಿ ಹೋಗಿದ್ದ. "ಇರುದು ಎರಡೇ ಸೀಟು, ಪಕ್ಕದಲ್ಲಿ ಯಾರನ್ನು ಕೂರಿಸ್ತಿ ಮಾರಾಯ?" ಎಂದು ಡ್ರೈವರುಗಳು ಕೇಳಿದರೆ ಅವನು ನಕ್ಕು ಒಮ್ಮೆ ಕಿಟಕಿಯ ಕಡೆ ನೋಡುತ್ತಿದ್ದ. ಅವರಿಬ್ಬರ ನಡುವೆ ಅಲ್ಲಿಯವರೆಗೆ ಆದದ್ದು ಅಷ್ಟೇ.

ಅಷ್ಟೇ ಎನ್ನುವ ಹಾಗೂ ಇಲ್ಲ. ಗುಂಡ್ಯ ದಾಟಿದ ಮೇಲಿನ ಘಾಟಿಯ ತಿರುವುಗಳಲ್ಲಿ ಅವನು ಕಾರನ್ನು ಹಾರಿಸುತ್ತಾನೆ ಎಂದು ಡ್ರೈವರುಗಳು ಹೇಳುವುದನ್ನು ಕೇಳಿ ಸೇವಂತಿಗೆ ಊಟ ರುಚಿಸದಾಗಿತ್ತು. ಹೋದ ವಾರ ಅವನು ಕಾರನ್ನು ಶೆಡ್ಡಿನಲ್ಲಿ ಬಿಟ್ಟು ಪೇಟೆಗೆ ಹೋಗಿದ್ದಾಗ, ಸುಬ್ರಹ್ಮಣ್ಯದಲ್ಲಿ ದೇವರ ಮುಂದೆ ಇಟ್ಟು ತಂದ ಕರಿನೂಲನ್ನು ಅವಳು ಕಾರಿಗೆ ಕಟ್ಟಿದಳು. ಸ್ಟೇರಿಂಗಿಗೆ ಕಟ್ಟಿದರೆ ಕಾಣುತ್ತದೆ. ಕೆಳಗಡೆ ಒಂದು ಸಣ್ಣ ಗುಂಡಿ ಇತ್ತು. ಅದನ್ನು ಸ್ವಲ್ಪ ಎಳೆದು, ಅದರ ಹಿಂದಿನ ಸಪೂರ ಸರಳಿಗೆ ಬಿಚ್ಚಿಹೋಗದ ಹಾಗೆ ಮೇಲಿಂದ ಮೇಲೆ ಸುತ್ತಿ ಗಂಟು ಹಾಕಿದಳು. ಯಾರೂ ನೋಡಲಿಲ್ಲ.

"ಸೇವಂತಿ, ಇಲ್ಲಿ ಬಾ. ಇವನಿಗೆ ಒಂದು ದಾರಿ ಹೇಳು," ಎಂದು ಅಪ್ಪ ಕರೆದರು.

ಮಂಗಳೂರಿನ ಒಂದು ವರ್ಕ್‌ಶಾಪಿನವರು ರೇಟು ಟೈಪ್ ಮಾಡಿ ಕೊಟ್ಟಿದ್ದರು: ಬೊಂಬಾಯಿಯಿಂದ ಎರಡು ಹೊಸ ಕಾರ್ಬುರೇಟರ್ ತರಿಸಬೇಕು, ಜೊತೆಗೆ ವಾಲ್ವಿನ ಕೆಲಸ. ಪುತ್ತೂರಿನ ಮೆಕ್ಯಾನಿಕ್ ಸಮದ್ ಬಾಯಲ್ಲೇ ಹೇಳಿದ್ದ: ಹೊಸತು ಎಂತದೂ ಬೇಡ, ಎರಡು ದಿನ ಬಿಟ್ಟು ಹೋಗಿ, ಬಿಚ್ಚಿ ನೋಡುವ. ಹೋದ ವಾರ ಕಾರನ್ನು ಟ್ಯೂನ್ ಮಾಡಿದವನೂ ಅವನೇ. ಈಗ ಬಾನೆಟ್ ಎತ್ತಿಕೊಂಡು ಅಲ್ಲೇ ನಿಂತಿದ್ದ.

"ಇಂಜಿನ್ ತಣ್ಣಗಿದ್ದಾಗ ಮಾತ್ರ ಹೀಗಾ?" ಸೇವಂತಿ ಕೇಳಿದಳು.

"ಬಿಸಿಯಾದ್ರೆ ಇನ್ನೂ ಜೋರು," ಎಂದ ತೀರ್ಥರಾಮ.

"ಮಂಗಳೂರಿನವರು ಗ್ಯಾಸ್ಕೆಟಿನ ಹತ್ರ ಎಣ್ಣೆ ಬಿಟ್ಟು, ಗಾಳಿ ಎಳೀತದಾ ನೋಡಿದ್ರಾ?"

"ಇಲ್ಲ. ಬಾನೆಟ್ ಎತ್ತಿದ್ರು, ಮುಚ್ಚಿದ್ರು, ಟೈಪ್ ಮಾಡಿದ್ರು."

"ಪರೀಕ್ಷೆ ಮಾಡದೆ ಬರೆದದ್ದು ರೇಟಲ್ಲ, ಆಸೆ."

ಅವನು ನಕ್ಕ. ಆ ನಗುವಿನಲ್ಲಿ ಮೆಚ್ಚುಗೆ ಇತ್ತು. ಸೇವಂತಿಗೆ ಅದು ತಲೆಗೇರಿತು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಇನ್ನು ಸಮದಣ್ಣನ ಮಾತು. ಟ್ಯೂನ್ ಮಾಡುವವರೆಗೆ ಕಾರು ಸರಿ ಇತ್ತು, ಆಮೇಲೆ ಹಾಳಾಯ್ತು. ಕೈ ಹಾಕಿದವರದ್ದೇ ತಪ್ಪು. ಹಾಳು ಮಾಡಿದವರ ಹತ್ರವೇ ಪುನಃ ಬಿಡುದಾ?"

ಸಮದ್ ಸುಮ್ಮನೆ ಕೇಳಿಕೊಂಡು ಹೋಗುವ ಆಸಾಮಿ ಅಲ್ಲ. ಸ್ಪ್ಯಾನರನ್ನು ಮಡ್‌ಗಾರ್ಡಿನ ಮೇಲೆ ಕುಕ್ಕಿದ.

"ಎಣ್ಣೆ ಬಿಟ್ಟು ನೋಡಿ ಆಗಿದೆ ಅಕ್ಕ, ಗಾಳಿ ಎಳೆಯುದಿಲ್ಲ. ಸ್ಕ್ರೂ ಪೂರ್ತಿ ಸಡಿಲ ಮಾಡಿದ್ರೂ ಸದ್ದು ಇಳಿಯುದಿಲ್ಲ. ಎಲ್ಲಿಯೋ ಕೇಬಲ್ ಎಳ್ಕೊಂಡುಂಟು. ಚೋಕ್ ಗುಂಡಿ ನೋಡುವ ಅಂದ್ರೆ ಅದಕ್ಕೆ ದೇವರ ನೂಲು ಸುತ್ತಿ ಇಟ್ಟಿದ್ದಾರೆ, ಕಾರಿನ ಧಣಿಗಳು ಮುಟ್ಲಿಕ್ಕೆ ಬಿಡುದಿಲ್ಲ!"

"ಅದು ಅಮ್ಮ ಕಟ್ಟಿದ್ದು," ತೀರ್ಥರಾಮ ಬೇಗ ಹೇಳಿದ. "ಕಟ್ಟಿದವರೇ ಬಿಚ್ಚಬೇಕು."

ತಾನು ನೂಲು ಸುತ್ತಿದ್ದು ಚೋಕಿನ ಗುಂಡಿಗೆ ಎಂದು ಸೇವಂತಿಗೆ ಆಗ ಗೊತ್ತಾಯಿತು. ಅಪ್ಪನ ಬಸ್ಸುಗಳೆಲ್ಲ ಡೀಸೆಲ್ಲಿನವು, ಪೆಟ್ರೋಲ್ ಕಾರನ್ನು ತಣ್ಣಗಿರುವಾಗ ಸ್ಟಾರ್ಟ್ ಮಾಡಲು ಎಳೆಯುವ ಈ ಚೋಕೇ ಅವುಗಳಿಗೆ ಇಲ್ಲ. ಆ ಗುಂಡಿ ಪೂರ್ತಿ ಒಳಗೆ ಹೋಗದಿದ್ದರೆ ಇಂಜಿನ್ ಇಳಿಯುವುದಿಲ್ಲ ಎಂಬುದು, ಎಲ್ಲ ಬಲ್ಲೆ ಎಂದುಕೊಂಡಿದ್ದ ಅವಳಿಗೆ ಹೊಳೆದೇ ಇರಲಿಲ್ಲ.

"ನಿನ್ನ ತಪ್ಪಿಗೆ ದೇವರ ನೂಲಿನ ಮೇಲೆ ಹೇಳ್ತಿಯಾ?" ದುಗ್ಗಪ್ಪ ಗೌಡರು ಸಿಡಿದರು. "ನಾಳೆಯಿಂದ ನನ್ನ ಬಸ್ಸಿಗೂ ನೀನು ಕೈ ಹಾಕುದು ಬೇಡ."

ಸಮದನ ಮುಖ ಕಪ್ಪಿಟ್ಟಿತು. "ಸೇವಂತಿಯಕ್ಕ, ನೀವಾದ್ರೂ ಹೇಳಿ. ನಾನು ಯಾವಾಗಾದ್ರೂ ಕೆಲಸ ಹಾಳು ಮಾಡಿದ್ದುಂಟಾ?"

ಅವಳು ಬಾನೆಟಿನ ಕಡೆ ಮುಖ ತಿರುಗಿಸಿದಳು. ಮದುವೆಯಾಗದ ಹುಡುಗಿ ಪರ ಗಂಡಸಿನ ಕಾರಿಗೆ ಕದ್ದು ನೂಲು ಕಟ್ಟಿದ್ದೇನೆ ಎಂದು ಅಪ್ಪನ ಎದುರು ಹೇಗೆ ಹೇಳುವುದು? ಸಮದ್ ತನ್ನ ಸಾಮಾನುಗಳನ್ನು ಗೋಣಿಗೆ ತುಂಬಿ ಹೆಗಲಿಗೇರಿಸಿಕೊಂಡು ಹೋದ. ಕಾರು ನಾಳೆ ಮಂಗಳೂರಿಗೆ ಎಂದು ತೀರ್ಮಾನವಾಯಿತು.

ಮಧ್ಯಾಹ್ನ ಶೆಡ್ಡು ಖಾಲಿಯಾದಾಗ ಅವಳು ಬ್ಲೇಡು ಹಿಡಿದು ಕಾರಿನ ಹತ್ತಿರ ಹೋದಳು. ಗುಂಡಿಯನ್ನು ಒತ್ತಿ ನೋಡಿದಳು. ನೂಲಿನ ಸುರುಳಿಗೆ ತಾಗಿ ಅದು ಅರ್ಧದಲ್ಲೇ ನಿಂತಿತು. ಒಮ್ಮೆ ಬ್ಲೇಡು ಆಡಿಸಿದರೆ ಸಾಕು, ಕಾರು ಸರಿಯಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸಮದಣ್ಣನ ಮೇಲಿನ ಮಾತು ಹಾಗೆಯೇ ಉಳಿಯುತ್ತದೆ. ಕದ್ದು ನೂಲು ಕಟ್ಟಿದ್ದಕ್ಕಿಂತ ಹೆಚ್ಚಾಗಿ, ಅವನ ಎದುರು ಸುಮ್ಮನಿದ್ದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ತನ್ನ ಮರ್ಯಾದೆ ಉಳಿಸಲು ಇನ್ನೊಬ್ಬನ ಮರ್ಯಾದೆ ತೆಗೆದಿದ್ದಳಲ್ಲ. ಬ್ಲೇಡನ್ನು ಹಾಗೇ ವಾಪಸು ತಂದಳು.

ಬೆಳಿಗ್ಗೆ ಎದ್ದವಳೇ ಸಮದನ ಗ್ಯಾರೇಜಿಗೆ ನಡೆದಳು.

"ಎಂತ? ಇನ್ನೂ ಬೈಗಳು ಬಾಕಿ ಉಂಟಾ?" ಅವನು ಮುಖ ಎತ್ತಲಿಲ್ಲ.

"ಉಂಟು. ನಂಗೆ ಸಿಗ್ಲಿಕ್ಕೆ ಬಾಕಿ. ನೀವು ಕೇಳ್ಲಿಕ್ಕೆ ಬನ್ನಿ ಸಮದಣ್ಣ."

ಅವರಿಬ್ಬರು ಶೆಡ್ಡಿಗೆ ಬರುವಾಗ ತೀರ್ಥರಾಮ ಕಾರು ಸ್ಟಾರ್ಟ್ ಮಾಡಿ ಆಗಿತ್ತು. ಅಪ್ಪ, ಡ್ರೈವರುಗಳು, ಹೋಟೆಲಿನವರು ಎಲ್ಲರೂ ಅಲ್ಲೇ ಇದ್ದರು. ಸೇವಂತಿ ಕಾರಿನ ಪಕ್ಕ ನಿಂತು, ನೆಲ ನೋಡುತ್ತಾ, ಮೆಲ್ಲಗೆ ಹೇಳಿದಳು.

"ಎಂತ? ಕೇಳುದಿಲ್ಲ!" ತೀರ್ಥರಾಮ ಕಿವಿಗೆ ಕೈ ಹಿಡಿದ.

ಇನ್ನೊಮ್ಮೆ ಹೇಳಿದಳು. ಕಾರಿನ ಆರ್ಭಟದಲ್ಲಿ ಅದೂ ಮುಳುಗಿತು. ಕೊನೆಗೆ ಕಣ್ಣು ಮುಚ್ಚಿ ಅವಳು ಕಿರುಚಿದಳು.

"ಆ ನೂಲು ಕಟ್ಟಿದ್ದು ನಾನು! ನಿಮ್ಮ ಅಮ್ಮ ಅಲ್ಲ! ಸಮದಣ್ಣನ ತಪ್ಪು ಎಂತದೂ ಇಲ್ಲ!"

ಇಡೀ ಬೀದಿಗೆ ಕೇಳಿಸಿತು. ಹೋಟೆಲಿನವನ ಕೈಯ ಲೋಟ ಬಾಯಿಯ ಹತ್ತಿರವೇ ನಿಂತಿತು. ಸೇವಂತಿ ಕಾರಿನೊಳಗೆ ಬಗ್ಗಿ, ಗಂಟು ಬಿಚ್ಚಿ, ಗುಂಡಿ ಒತ್ತಿದಳು. ಅರಚುತ್ತಿದ್ದ ಕಾರು ಒಮ್ಮೆಲೇ ಇಳಿದು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು. ಈಗ ಅವಳು ಬಿಕ್ಕಿದ್ದೂ ಎಲ್ಲರಿಗೂ ಕೇಳಿಸಿತು.

"ನಿನ್ನೆ ಗೊತ್ತಾಗಿಯೂ ಬಾಯಿ ಮುಚ್ಚಿದೆ ಸಮದಣ್ಣ. ನಂದು ತಪ್ಪಾಯ್ತು," ಎಂದಳು. ಆಮೇಲೆ ತಿರುಗಿ, "ಅಪ್ಪ, ನೀವೂ ಹೇಳಿ."

ದುಗ್ಗಪ್ಪ ಗೌಡರು ಮಗಳನ್ನು ನೋಡಿದರು, ನೂಲನ್ನು ನೋಡಿದರು, ತೀರ್ಥರಾಮನನ್ನು ಬಹಳ ಹೊತ್ತು ನೋಡಿದರು. "ನನ್ನದೂ ತಪ್ಪಾಯ್ತು ಸಮದ್," ಎಂದರು ಕಡೆಗೆ. "ಕಾಣಿಯೂರು ಬಸ್ಸಿನ ಬ್ರೇಕು ನೀನೇ ನೋಡ್ಬೇಕು."

"ನೋಡುವ ಗೌಡ್ರೆ. ಆದ್ರೆ ಮೊದಲು ಅಕ್ಕನಿಗೆ ಚೋಕ್ ಅಂದ್ರೆ ಎಂತ ಅಂತ ಕಲಿಸ್ಬೇಕು!" ಸಮದ್ ನಕ್ಕುಬಿಟ್ಟ. ಉಳಿದವರೂ ನಕ್ಕರು. ತೀರ್ಥರಾಮ ಮಾತ್ರ ನಗಲಿಲ್ಲ. ಕಾರಿನಿಂದ ಇಳಿದು ಬಂದು ತಲೆ ತಗ್ಗಿಸಿದ.

"ಸಮದಣ್ಣ, ನಾನೂ ಸುಳ್ಳು ಹೇಳಿದ್ದು. ಅಮ್ಮನ ಹತ್ರ ಕೇಳಿದ್ದೆ, ನಾನಲ್ಲ ಅಂದಿದ್ರು." ಆಮೇಲೆ ಸೇವಂತಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, "ಈ ಶೆಡ್ಡು ಬಿಟ್ಟರೆ ಬೇರೆಲ್ಲಿಯೂ ನಾನು ಕಾರು ಬಿಡುದಿಲ್ಲ. ನೀವೇ ಕಟ್ಟಿರ್ಬಹುದು ಅಂತ ಆಸೆ ಇತ್ತು. ಕೇಳಿದ್ರೆ ನೀವು ಅಲ್ಲ ಅಂದ್ಬಿಟ್ರೆ? ಅದಕ್ಕೆ ಯಾರಿಗೂ ಬಿಚ್ಚಲಿಕ್ಕೆ ಬಿಡ್ಲಿಲ್ಲ."

"ಘಾಟಿಯಲ್ಲಿ ಮೆಲ್ಲ ಹೋಗ್ಲಿ ಅಂತ ಕಟ್ಟಿದ್ದು," ಅವಳು ಸೆರಗಿನಲ್ಲಿ ಕಣ್ಣೊರೆಸಿದಳು.

"ಇಂಜಿನ್ ಜೋರು ಮಾಡಿಟ್ಟು ಮೆಲ್ಲ ಹೋಗು ಅಂದ್ರೆ ಹೇಗೆ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಮುಷ್ಟಿಯಲ್ಲಿದ್ದ ನೂಲನ್ನು ಅವನು ಕೇಳಿ ಇಸಿದುಕೊಂಡು ಅಂಗಿಯ ಕಿಸೆಗೆ ಹಾಕಿದ.

"ಏ ತೀರ್ಥರಾಮ," ದುಗ್ಗಪ್ಪ ಗೌಡರು ಗಂಟಲು ಸರಿಮಾಡಿದರು. "ಮಂಗಳೂರಿಗೆ ಇನ್ನು ಎಂತಕ್ಕೆ? ಊರಿಗೆ ಹೋಗಿ ಅಮ್ಮನನ್ನು ಕರ್ಕೊಂಡು ಬಾ. ಬರುವಾಗ ಎರಡು ಸೀಟು ಧಾರಾಳ ಸಾಕು."

ಕಾರು ಸುಳ್ಯದ ದಾರಿ ಹಿಡಿಯಿತು. ಈ ಸಲ ಯಾರೂ ತಿರುಗಿ ನೋಡಲಿಲ್ಲ. ಸೇವಂತಿ ಮಾತ್ರ ಆಫೀಸಿಗೆ ಹೋಗಿ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಳು. ಇನ್ನು ಅವನು ಬಂದರೆ ಸದ್ದಿನಿಂದ ಗೊತ್ತಾಗುವಂತಿರಲಿಲ್ಲ, ಎಲ್ಲರ ಎದುರೇ ಕಣ್ಣಿಟ್ಟು ಕಾಯಬೇಕಾಗಿತ್ತು.